ಅತ್ತೆ ತೊಳೆದ ದೀಪ

ಕಳೆದ ಶುಕ್ರವಾರ ನಮ್ಮ ಅತ್ತೆ ಒಂದು ದೀಪ ತೊಳೆದರು. ಅದಕ್ಕೆ ಶನಿವಾರ ಒಬ್ಬ ಹೆಂಗಸು ನಮ್ಮ ಸೋಫಾದಲ್ಲಿ ಕೂತು ಅತ್ತಳು.

ದೀಪ ತೊಳೆದರೆ ಯಾರಾದರೂ ಅಳುತ್ತಾರಾ? ನಾನೂ ಹಾಗೇ ಅಂದುಕೊಂಡಿದ್ದೆ.

ಅತ್ತೆ ವಿಸಿಟ್ ವೀಸಾದಲ್ಲಿ ಉಡುಪಿಯಿಂದ ಬಂದಿದ್ದಾರೆ. ಎಪ್ಪತ್ತು ದಾಟಿದರೂ ಕೈ ಸುಮ್ಮನಿರುವುದಿಲ್ಲ. ಇಲ್ಲಿ ಗಲ್ಫಿನ ಬಿನ್ ಒಮ್ರಾನ್‌ನ ನಮ್ಮ ಫ್ಲಾಟಿನಲ್ಲಿ ಅವರು ಇನ್ನೂ ಉಜ್ಜದೆ ಬಿಟ್ಟಿರುವುದು ನನ್ನ ಗಂಡನ ಲ್ಯಾಪ್‌ಟಾಪ್ ಒಂದನ್ನೇ. (ಅದೂ ಹೆಚ್ಚು ದಿನ ಬಚಾವಾಗುವ ನಂಬಿಕೆ ನನಗಿಲ್ಲ.)

ನನ್ನ ಆಫೀಸಿನ ಮಿರಿಯಮ್ ಇಂಗ್ಲೆಂಡಿನವಳು. ಮನೆ ಶಿಫ್ಟ್ ಮಾಡುತ್ತಿದ್ದಳು. ಲಾರಿಗೆ ಹಾಕಲು ಮನಸ್ಸು ಬಾರದ ಒಂದೇ ಒಂದು ಸಾಮಾನನ್ನು ಟವೆಲಿನಲ್ಲಿ ಸುತ್ತಿ ನನ್ನ ಕೈಗಿಟ್ಟಳು. "ಅಮ್ಮನದು. ಎರಡು ದಿನ ಜೋಪಾನ" ಅಂದಳು. ನಾನು ಅತ್ತೆಗೂ ಅಷ್ಟೇ ಹೇಳಿದೆ.

ಅತ್ತೆಯ ಲೆಕ್ಕದಲ್ಲಿ ಜೋಪಾನ ಅಂದರೆ ಏನು? ಹುಣಸೆಹುಳಿ, ಉಪ್ಪು, ಬಿಸಿನೀರು.

ಶುಕ್ರವಾರ ನಾನು ಏಳುವಷ್ಟರಲ್ಲಿ ಮೇಜಿನ ಮೇಲೆ ಹಿತ್ತಾಳೆಯ ಕ್ಯಾಂಡಲ್ ಸ್ಟ್ಯಾಂಡ್ ಒಂದು ಫಳಫಳ ಹೊಳೆಯುತ್ತಿತ್ತು. "ಎಂತ ಅವಸ್ಥೆ ಮಾರಾಯ್ತಿ ಅದರದ್ದು! ಮೈಯೆಲ್ಲ ಮೇಣ. ದೀಪವನ್ನು ಹಾಗೆ ಇಡುವುದುಂಟಾ? ಅದೂ ಶುಕ್ರವಾರ?" ಅಂದರು ಅತ್ತೆ. ಟವೆಲ್ ತಾನಾಗಿಯೇ ಬಿಚ್ಚಿಕೊಂಡಿತ್ತಂತೆ. ನಾನು ನಕ್ಕುಬಿಟ್ಟೆ.

ಶನಿವಾರ ಮಿರಿಯಮ್ ಬಂದಳು. ನೋಡಿದವಳು ಕೇಳಿದ್ದು ಒಂದೇ ಮಾತು: "ಮೇಣ ಎಲ್ಲಿ?"

ಆಮೇಲೆ ಹೇಳಿದಳು. ಅವಳ ಅಮ್ಮ ವಿಯೆನ್ನಾದ ಯಹೂದಿ ಹುಡುಗಿ. ನಾಜಿಗಳ ಕಾಟ ಜೋರಾದಾಗ ಮಕ್ಕಳನ್ನಷ್ಟೇ ತುಂಬಿಸಿ ಇಂಗ್ಲೆಂಡಿಗೆ ಕಳಿಸಿದ ರೈಲಿನಲ್ಲಿ ಬಂದವರು. ಹೊರಡುವ ಮುಂಚಿನ ಶುಕ್ರವಾರ ಸಂಜೆ ಅವರ ತಾಯಿ ಯಹೂದಿ ಮನೆಗಳ ವಾಡಿಕೆಯಂತೆ ಎರಡು ಮೇಣದಬತ್ತಿ ಹಚ್ಚಿದರು. ಆರಿದ ಮೇಲೆ ಜೋಡಿ ಸ್ಟ್ಯಾಂಡಿನಲ್ಲಿ ಒಂದನ್ನು, ಇಳಿದ ಮೇಣದ ಸಮೇತ, ಮಗಳ ಫ್ರಾಕುಗಳ ನಡುವೆ ಇಟ್ಟರು. ಇನ್ನೊಂದು ಮನೆಯಲ್ಲೇ ಉಳಿಯಿತು. ಆ ತಾಯಿಯೂ ಅಲ್ಲೇ ಉಳಿದರು. ಅವರನ್ನು ಕ್ಯಾಂಪಿಗೆ ಎಳೆದೊಯ್ದು ಕೊಂದರು.

ಮಗಳು ಬದುಕಿದರು. ಆ ಸ್ಟ್ಯಾಂಡನ್ನು ಮತ್ತೆ ಹಚ್ಚಲಿಲ್ಲ, ಅದರ ಮೇಣವನ್ನು ಯಾರಿಗೂ ಮುಟ್ಟಗೊಡಲಿಲ್ಲ. ಹೋದ ವರ್ಷ ವೃದ್ಧಾಶ್ರಮ ಸೇರುವಾಗ ಅದನ್ನು ಮಿರಿಯಮ್ ಕೈಗೆ ಕೊಟ್ಟರು. ಈಗ ಕಣ್ಣು ಅಷ್ಟಾಗಿ ಕಾಣುವುದಿಲ್ಲ. ಪ್ರತಿ ರಜೆಯಲ್ಲಿ ಮಿರಿಯಮ್ ಅದನ್ನು ಹೊತ್ತುಕೊಂಡು ಹೋಗಬೇಕು, ಅವರು ಆ ಮೇಣವನ್ನು ಬೆರಳಿನಿಂದ ಸವರಿ ನೋಡಬೇಕು.

"ಜುಲೈನಲ್ಲಿ ಅಮ್ಮನಿಗೆ ಏನು ಹೇಳಲಿ?" ಎಂದು ಮಿರಿಯಮ್ ಅಳತೊಡಗಿದಳು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ನೀವೇ ಹೇಳಿ. ಹಿರಿಯರ ವಸ್ತು ಎಂದರೆ ನಮಗೆ ಅದು ಫಳಫಳ ಹೊಳೆಯಬೇಕು. ಊರಿಂದ ತಂದ ಅಜ್ಜಿಯ ತಂಬಿಗೆಗೂ ಪಾಲಿಶ್ ಹೊಡೆಸಿ ಶೋಕೇಸಿನಲ್ಲಿ ನಿಲ್ಲಿಸುತ್ತೇವೆ. ಅಜ್ಜಿಯ ಕೈ ತಗುಲಿದ ಗುರುತು ಅದರಲ್ಲಿ ಎಷ್ಟು ಉಳಿದಿದೆ ಎಂದು ಯಾರು ಕೇಳುತ್ತಾರೆ? ಕೊಳೆಯನ್ನೇ ಕಾಯಬೇಕಾದಷ್ಟು ಕಳೆದುಕೊಂಡವರ ಪಾಡು ನಮಗೆ ಗೊತ್ತಿಲ್ಲ. (ಗೊತ್ತಾಗುವುದೂ ಬೇಡ.)

ಎಲ್ಲವನ್ನೂ ತುಳುವಿನಲ್ಲಿ ಅತ್ತೆಗೆ ಹೇಳಿದೆ. ಅವರು ಹೋಗಿ ಮಿರಿಯಮ್ ಪಕ್ಕ ಕೂತರು. ಆಮೇಲೆ ಅಂದರು: "ಅವಳ ಅಮ್ಮನಿಗೆ ಫೋನ್ ಮಾಡ್ಲಿಕ್ಕೆ ಹೇಳು. ತೊಳೆದದ್ದು ನಾನು. ಪಾಪ, ಅವಳು ಯಾಕೆ ಬೈಗುಳ ತಿನ್ನಬೇಕು?"

ಮಿರಿಯಮ್ ಬೇಡವೆಂದಳು. ಅತ್ತೆ ಕೇಳುವ ಪೈಕಿಯಲ್ಲ. ಕೊನೆಗೆ ಮೊಬೈಲ್ ಸ್ಪೀಕರಿಗೆ ಹಾಕಿ ಮೂವರೂ ಅದರ ಸುತ್ತ ಕೂತೆವು. ಅತ್ತೆ ತುಳುವಿನಲ್ಲಿ ತಪ್ಪೊಪ್ಪಿಕೊಂಡರು, ನಾನು ಇಂಗ್ಲಿಷಿಗೆ ತಂದೆ.

"ತೊಳೆದ ಮೇಲೆ ಹಚ್ಚಿದರಾ?" ಎಂದು ಕೇಳಿತು ಆ ಕಡೆಯಿಂದ ಸಣ್ಣ ದನಿ.

"ಛೆ, ಇಲ್ಲಪ್ಪ! ಬೇರೆಯವರ ಮನೆಯ ದೀಪ. ಕೇಳದೆ ನಾನು ಹೇಗೆ ಹಚ್ಚುವುದು?" ಅಂದರು ಅತ್ತೆ.

(ಕೇಳದೆ ತೊಳೆಯಬಹುದು, ಕೇಳದೆ ಹಚ್ಚಬಾರದು! ಈ ಕಾನೂನು ಯಾರು ಬರೆದರೋ.)

ಆ ಮಾತನ್ನೂ ಇಂಗ್ಲಿಷಿಗೆ ತಂದೆ. ಮಿರಿಯಮ್‌ನ ಅಮ್ಮ ಒಮ್ಮೆ ಉಸಿರೆಳೆದುಕೊಂಡದ್ದು ನಮಗೆಲ್ಲ ಕೇಳಿಸಿತು.

"ಹಾಗಾದರೆ ಅದನ್ನು ಕೊನೆಯ ಸಲ ಹಚ್ಚಿದವಳು ಇನ್ನೂ ನನ್ನ ಅಮ್ಮನೇ" ಅಂದರು.