ವಸಂತಿ ಟೀಚರ ಎಂಟು ಗುರುತಿನ ಚೀಟಿಗಳು

ಡೊಂಬಿವಲಿಯ ನಮ್ಮ ಕನ್ನಡ ಶಾಲೆಯ ಬೆಳ್ಳಿಹಬ್ಬದ ಸ್ಮರಣ ಸಂಚಿಕೆಯಲ್ಲಿ ಕಂಪ್ಯೂಟರ್ ಕೋಣೆಯ ದೊಡ್ಡ ಫೋಟೋ ಇದೆ. ಅದರ ಕೆಳಗೆ ‘ಅಧ್ಯಕ್ಷರ ದೂರದೃಷ್ಟಿಯ ಫಲ’ ಎಂದು ಅಚ್ಚಾಗಿದೆ. ಓದಿದ ದಿನ ಸಂಚಿಕೆಯನ್ನು ನನ್ನ ಕ್ಯಾಂಟೀನಿನ ಗೋಡೆಗೆ ಎಸೆದಿದ್ದೆ. ಸಂಪಾದಕರಿಗೆ ಬರೆದ ಪತ್ರಕ್ಕೆ ಉತ್ತರ ಬರಲಿಲ್ಲ. ಎರಡು ವರ್ಷ ಕಳೆದರೂ ಆ ಸಿಟ್ಟು ಇಳಿದಿಲ್ಲ. ಕೋಣೆಯ ರಿಬ್ಬನ್ ಕತ್ತರಿಸಿದ್ದು ಅಧ್ಯಕ್ಷರು, ನಿಜ. ಆಮೇಲೆ ಅದಕ್ಕೆ ಬೀಗ ಹಾಕಿಸಿದವರೂ ಅವರೇ. ಬೀಗ ತೆಗೆಸಿದವರು ವಸಂತಿ ಟೀಚರ್. ಅವರ ಹೆಸರು ಇಡೀ ಸಂಚಿಕೆಯಲ್ಲಿ ಒಂದೇ ಕಡೆ ಇದೆ, ‘ಮಾಜಿ ಶಿಕ್ಷಕಿಯರು’ ಎಂಬ ಪಟ್ಟಿಯಲ್ಲಿ.

ನಾನು ದೇಜಪ್ಪ. ಠಾಣೆ ನಗರದ ವಾಗ್ಳೆ ಎಸ್ಟೇಟಿನ ಒಂದು ಕಾರ್ಖಾನೆಯಲ್ಲಿ ಕ್ಯಾಂಟೀನ್ ನಡೆಸುತ್ತೇನೆ. ಓದಿದ್ದು ನಾಲ್ಕನೆಯ ಕ್ಲಾಸು. ಮಗಳು ಪ್ರಣೀತಾ ಆ ಶಾಲೆಯಲ್ಲಿದ್ದುದರಿಂದ ನಾನೂ ಆಡಳಿತ ಸಮಿತಿಯಲ್ಲಿದ್ದೆ.

ವಸಂತಿ ಟೀಚರ್ ಹಿರಿಯಡ್ಕದ ಕಡೆಯವರು. ಮದುವೆಯಾಗಿ ಅಂಬರ್‌ನಾಥಕ್ಕೆ ಬಂದು, ಹದಿನೈದು ವರ್ಷ ನಮ್ಮ ಮಕ್ಕಳಿಗೆ ಗಣಿತ ಹೇಳಿದರು. ಸಣ್ಣ ಆಳು, ಸಣ್ಣ ಸ್ವರ. ಆದರೆ ಹಲಗೆಯ ಮೇಲೆ ಸೀಮೆಸುಣ್ಣ ಹಿಡಿದರೆ ಕೊನೆಯ ಬೆಂಚಿನವನೂ ಬೆನ್ನು ನೆಟ್ಟಗೆ ಮಾಡಿ ಕೂರುತ್ತಿದ್ದ. ೨೦೧೪ರಲ್ಲಿ ಕಂಪ್ಯೂಟರ್ ಸರ್ ಐರೋಲಿಯ ಕಂಪೆನಿಯೊಂದಕ್ಕೆ ಹೋದರು. ಕೋಣೆಯಲ್ಲಿ ಉಳಿದದ್ದು ಯಾವುದೋ ಆಫೀಸಿನವರು ಕೊಟ್ಟುಬಿಟ್ಟ ಎಂಟು ಹಳೆಯ ಯಂತ್ರಗಳು. ಸ್ವಿಚ್ ಹಾಕಿದರೆ ಎದ್ದು ಕೂರಲು ಕಾಲು ಗಂಟೆ ಬೇಕು. ಅಧ್ಯಕ್ಷರು ಬೀಗ ಹಾಕಿಸಿ, ಸಭಾಗೃಹದ ಕುರ್ಚಿಗಳನ್ನು ಅಲ್ಲಿ ತುಂಬಿಸೋಣ ಎಂದರು. ಆಗ ಟೀಚರ್ ಸಮಿತಿಯ ಮುಂದೆ ಬಂದು ನಿಂತರು.

“ನನಗೆ ಒಂದು ವರ್ಷ ಕೊಡಿ. ನಾನು ಕಲಿತು ಕಲಿಸ್ತೇನೆ.”

“ಗಣಿತದ ಟೀಚರ್ ನೀವು. ಕಂಪ್ಯೂಟರ್ ಎಲ್ಲಿ ಕಲೀತೀರಿ?” ಅಧ್ಯಕ್ಷರು ಕೇಳಿದರು.

“ಟ್ರೇನಿನಲ್ಲಿ.”

ಎಲ್ಲರೂ ನಕ್ಕರು. ನಾನೂ ನಕ್ಕೆ. ನಗುತ್ತಲೇ ಒಂದು ವರ್ಷ ಕೊಟ್ಟೆವು. ಆದರೆ ಅವರು ಹೇಳಿದ್ದು ನಿಜವೇ ಆಗಿತ್ತು. ಬೆಳಗಿನ ಲೋಕಲಿನ ಲೇಡೀಸ್ ಡಬ್ಬಿಯಲ್ಲಿ ಶ್ರೀಪ್ರಿಯಾ ಎಂಬ ಹುಡುಗಿ ಅವರ ಜೊತೆ ಬರುತ್ತಿದ್ದಳು. ಉಡುಪಿಯವರ ಮಗಳು, ನವಿ ಮುಂಬಯಿಯಲ್ಲಿ ಇಂಜಿನಿಯರಿಂಗ್ ಓದುತ್ತಿದ್ದಳು. ಅಕ್ಕಪಕ್ಕದ ಹೆಂಗಸರು ಬಟಾಣಿ ಸುಲಿಯುವಾಗ ಈ ಇಬ್ಬರು ಮೊಬೈಲಿನ ಮೇಲೆ ತಲೆ ಬಗ್ಗಿಸಿ ಕೋಡಿಂಗ್ ಮಾಡುತ್ತಿದ್ದರು. ಟೀಚರ್ ಅದನ್ನು ಗಣಿತದ ಹಾಗೆಯೇ ಹಿಡಿದರು: ಮೊದಲು ನೋಟ್‌ಬುಕ್ಕಿನಲ್ಲಿ ಪೆನ್ಸಿಲಿನಿಂದ, ಆಮೇಲೆ ಯಂತ್ರದಲ್ಲಿ.

ಒಂದು ದಿನ ಶ್ರೀಪ್ರಿಯಾ ಹೇಳಿದಳಂತೆ, “ಆಂಟಿ, ನಿಮ್ಮ ಕಂಪ್ಯೂಟರ್ ಹಳತಾದ್ರೆ ಏನಾಯ್ತು? ನೆಟ್ ಇದ್ರೆ ಸಾಕು. ದೂರದಲ್ಲಿ ದೊಡ್ಡ ದೊಡ್ಡ ಮಶೀನ್ ಉಂಟು. ಕೆಲಸ ಅದು ಮಾಡ್ತದೆ, ಇಲ್ಲಿ ಬರೀ ಕಾಣ್ತದೆ. ಸ್ಟೂಡೆಂಟಿಗೆ, ಟೀಚರಿಗೆ ಫುಲ್ ಫ್ರೀ!”

ಮರುದಿನ ಟೀಚರ್ ಕೋಣೆಯ ಬೀಗ ತೆಗೆಸಿದರು. ಒಂಬತ್ತನೆಯ ತರಗತಿಯ ಎಂಟು ಮಕ್ಕಳನ್ನು ಆರಿಸಿದರು, ಅದರಲ್ಲಿ ನನ್ನ ಪ್ರಣೀತಾ ಒಬ್ಬಳು. ಡೊಂಬಿವಲಿಯಲ್ಲಿ ಬೆಳಿಗ್ಗೆ ಎದ್ದರೆ ಮೊದಲು ಗೊತ್ತಾಗುವುದು ಕೆಮಿಕಲ್ ಕಾರ್ಖಾನೆಗಳ ಕಡೆಯಿಂದ ಬರುವ ವಾಸನೆ. ಇವತ್ತು ಯಾವ ಬೀದಿಯಲ್ಲಿ ಯಾವ ವಾಸನೆ ಎಂದು ಊರಿನ ನಕ್ಷೆಯಲ್ಲಿ ಬಣ್ಣ ಬಣ್ಣವಾಗಿ ತೋರಿಸುವ ಪ್ರೋಗ್ರಾಮನ್ನು ಮಕ್ಕಳು ಬರೆದರು. ಮನೆಮನೆಯವರು ಮೊಬೈಲಿನಿಂದ ವಾಸನೆ ತಿಳಿಸಬೇಕು. ಅದಕ್ಕೆ ಆ ದೂರದ ಮಶೀನ್ ಬೇಕೇ ಬೇಕು. ಅದು ಫ್ರೀಯಾಗಿ ಸಿಗಲು ಎಂಟು ಮಕ್ಕಳೂ ಅರ್ಜಿ ಹಾಕಿದ್ದರು. ಸೋಮವಾರ ಸಮಿತಿಯ ಮುಂದೆ ತೋರಿಸುವುದು, ಮೆಚ್ಚದಿದ್ದರೆ ಕೋಣೆ ಕುರ್ಚಿಗಳಿಗೆ ಎಂದು ಅಧ್ಯಕ್ಷರು ತೀರ್ಮಾನಿಸಿದರು.

ಶುಕ್ರವಾರ ಮಧ್ಯಾಹ್ನ ಮಗಳು ಫೋನಿನಲ್ಲಿ ಅತ್ತಳು. “ಪಪ್ಪಾ, ಸಬ್ ಕಾ ರಿಜೆಕ್ಟ್ ಹೋ ಗಯಾ. ಆಠ್ ಕೇ ಆಠ್.” ಎಂಟು ಅರ್ಜಿಗಳೂ ತಿರಸ್ಕಾರವಾಗಿದ್ದವು.

ನಾನು ಕ್ಯಾಂಟೀನ್ ಬಿಟ್ಟು ಶಾಲೆಗೆ ಓಡಿದೆ. ಮಗಳನ್ನು ಅಳಿಸಿದವರು ಯಾರೆಂದು ಕೇಳಲೇಬೇಕಿತ್ತು. ಟೀಚರ್ ಮಗಳ ಗುರುತಿನ ಚೀಟಿಯನ್ನು ನನ್ನ ಕೈಗೆ ಕೊಟ್ಟರು. ವಿದ್ಯಾರ್ಥಿ ಎಂದು ಸಾಬೀತು ಮಾಡಲು ಅದರ ಫೋಟೋ ಕಳಿಸಬೇಕಿತ್ತು. ಹೆಸರು ಕನ್ನಡ, ಶಾಲೆ ಕನ್ನಡ, ವರ್ಷದ ಅಂಕೆ ಕೂಡ ಕನ್ನಡ. ಆ ಮಶೀನಿನ ಕಂಪೆನಿಯವರಿಗೆ ಒಂದಕ್ಷರವೂ ತಿಳಿದಿರಲಿಲ್ಲ.

ಆ ಚೀಟಿ ಹಾಗೆ ಆದದ್ದು ನನ್ನಿಂದ. ಹಿಂದಿನ ವರ್ಷ ಇಂಗ್ಲಿಷಿನಲ್ಲಿ ಅಚ್ಚು ಹಾಕಿಸಲು ಹೊರಟಾಗ, ಕನ್ನಡ ಶಾಲೆಯ ಮಕ್ಕಳ ಕುತ್ತಿಗೆಯಲ್ಲಿ ಕನ್ನಡವೇ ನೇತಾಡಬೇಕು ಎಂದು ಸಮಿತಿಯ ಮೇಜು ಗುದ್ದಿದವನು ನಾನೇ. ಮುಖ್ಯೋಪಾಧ್ಯಾಯರ ಗುಂಡು ಮೊಹರನ್ನೂ ಹಾಗೆಯೇ ಮಾಡಿಸಿದ್ದೆ.

“ಅವರಿಗೆ ಕನ್ನಡ ಬರುದಿಲ್ಲ ಅಂದ್ರೆ ತಪ್ಪು ಅವರದ್ದು!” ಎಂದು ಕೂಗಿದೆ.

“ತಪ್ಪು ಅವರದ್ದೇ, ದೇಜಪ್ಪಣ್ಣ. ಈಗ ಅವರಿಗೆ ಕನ್ನಡ ಕಲಿಸುದಾ, ಇವರಿಗೆ ಕೋಡಿಂಗ್ ಕಲಿಸುದಾ? ಎರಡಕ್ಕೂ ಇರುದು ನಾನೊಬ್ಳೇ.”

ಮಕ್ಕಳು ಕಣ್ಣೊರೆಸಿಕೊಂಡು ನಕ್ಕುಬಿಟ್ಟರು. ನನ್ನ ಸ್ವರ ತಗ್ಗಿತು. ಇಂಗ್ಲಿಷಿನಲ್ಲಿ ಒಬ್ಬೊಬ್ಬರ ಹೆಸರಿಗೆ ಒಂದೊಂದು ಪತ್ರ, ಅದಕ್ಕೆ ಇಂಗ್ಲಿಷ್ ಮೊಹರು, ಮುಖ್ಯೋಪಾಧ್ಯಾಯರ ಸಹಿ ಇದ್ದರೆ ಇನ್ನೊಮ್ಮೆ ಅರ್ಜಿ ಹಾಕಬಹುದಿತ್ತು. ಮುಖ್ಯೋಪಾಧ್ಯಾಯ ಪುಂಡರೀಕಾಕ್ಷರು ಭಾವನ ಗೃಹಪ್ರವೇಶಕ್ಕೆಂದು ನೆರೂಳಿಗೆ ಹೋಗಿದ್ದರು.

ಶನಿವಾರ ಬೆಳಿಗ್ಗೆ ಟೀಚರ್ ಎಂಟು ಪತ್ರಗಳನ್ನು ಸಿದ್ಧಮಾಡಿಕೊಂಡು ಠಾಣೆಗೆ ಬಂದರು. ನನ್ನ ಕ್ಯಾಂಟೀನಿನ ಎದುರು ಮೊಹರು ಮಾಡುವವನೊಬ್ಬನಿದ್ದ. ಅವನ ತಲೆಯ ಮೇಲೆ ನಿಂತು ಒಂದು ಗಂಟೆಯಲ್ಲಿ ಇಂಗ್ಲಿಷ್ ಮೊಹರು ಮಾಡಿಸಿದೆ. ಇಬ್ಬರೂ ನೆರೂಳಿನ ಲೋಕಲ್ ಹತ್ತಿದೆವು. ತುರ್ಭೆ ಬರುವಾಗ ಟೀಚರ್ ಗಡಿಯಾರ ನೋಡಿಕೊಂಡರು.

“ಎಂತ, ತಡ ಆಯ್ತಾ?” ಎಂದು ಕೇಳಿದೆ.

“ಇಲ್ಲ. ವಾಶಿಯಲ್ಲಿ ನನಗೆ ಈಗ ಪರೀಕ್ಷೆ ಇತ್ತು. ಟೀಚರುಗಳ ಫ್ರೀ ಟ್ರೇನಿಂಗಿನದ್ದು. ಪಾಸಾದ್ರೆ ಸರ್ಟಿಫಿಕೇಟ್ ಕೊಡ್ತಿದ್ರು. ಕಂಪ್ಯೂಟರ್ ಟೀಚರ್ ಪೋಸ್ಟು ಪರ್ಮನೆಂಟ್ ಆಗ್ಲಿಕ್ಕೆ ಅದು ಬೇಕಲ್ಲ.”

“ಅಯ್ಯೋ ಮಾರಾಯ್ರೆ, ಇಳೀರಿ ಈಗ್ಲೇ! ಸಹಿ ನಾನು ತರ್ತೇನೆ.”

“ಪತ್ರದಲ್ಲಿ ತಪ್ಪಿದ್ರೆ ನೀವು ಓದ್ತೀರಾ?”

ಆ ತರಬೇತಿ ಪುನಃ ಯಾವಾಗ ಎಂದು ಕೇಳಿದೆ. ಗೊತ್ತಿಲ್ಲ, ಬಹುಶಃ ಇಲ್ಲವೇ ಇಲ್ಲ ಎಂದರು. ಎದೆ ತಟ್ಟಿಕೊಂಡು ಹೇಳಿದೆ, “ನಿಮ್ಮ ಪೋಸ್ಟು ನನ್ನ ಜವಾಬ್ದಾರಿ. ಸಮಿತಿಯಲ್ಲಿ ನಾನಿದ್ದೇನೆ. ಇದು ದೇಜಪ್ಪನ ಮಾತು.”

“ಆಯ್ತು,” ಎಂದು ಅವರು ಕಿಟಕಿಯ ಹೊರಗೆ ನೋಡಿದರು.

ನೆರೂಳಿನಲ್ಲಿ ಪುಂಡರೀಕಾಕ್ಷರು ಪಟ್ಟೆಮಡಿ ಉಟ್ಟು ಹೋಮದ ಹೊಗೆಯಲ್ಲಿ ಕಣ್ಣು ಉಜ್ಜುತ್ತಿದ್ದರು. ಭಟ್ಟರು ಬೈಯುತ್ತಿದ್ದರೂ ಎದ್ದು ಬಂದು, ಅಡುಗೆಯವರ ಗ್ಯಾಸ್ ಸಿಲಿಂಡರಿನ ಮೇಲೆ ಕಾಗದವಿಟ್ಟು ಎಂಟು ಸಹಿ ಹಾಕಿದರು. ಮೂರನೆಯ ಪತ್ರದಲ್ಲಿ ಹುಡುಗನ ಅಡ್ಡಹೆಸರು ಬಿಟ್ಟುಹೋಗಿತ್ತು. ಟೀಚರ್ ಅಲ್ಲೇ ಹಿಡಿದು ಬರೆದು ಸೇರಿಸಿದರು. ಮೊಬೈಲಿನಲ್ಲಿ ಫೋಟೋ ತೆಗೆದು ಚಪ್ಪರದ ಕೆಳಗಿನಿಂದಲೇ ಎಲ್ಲವನ್ನೂ ಕಳಿಸಿದರು. ಹೋಳಿಗೆ ತಿನ್ನದೆ ಹೊರಡಲು ಆ ಮನೆಯವರು ಬಿಡಲಿಲ್ಲ.

ಭಾನುವಾರ ಹನ್ನೊಂದು ಗಂಟೆಗೆ ಪ್ರಣೀತಾ ಕಿರುಚಿದ್ದಕ್ಕೆ ಸೊಸೈಟಿಯ ವಾಚ್‌ಮನ್ ಮೇಲೆ ಓಡಿಬಂದ. “ಪಪ್ಪಾ, ಅಪ್ರೂವ್ ಝಾಲಂ!” ಉಳಿದ ಮಕ್ಕಳೂ ಒಬ್ಬೊಬ್ಬರಾಗಿ ಫೋನ್ ಮಾಡಿದರು. ಐದು, ಆರು, ಏಳು. ಎಂಟನೆಯದು ಬರಲು ಮಧ್ಯಾಹ್ನವಾಯಿತು. ನಾನು ಊಟ ಮಾಡಿರಲಿಲ್ಲ. ಅರ್ಧ ಗಂಟೆಯೊಳಗೆ ಎಲ್ಲರೂ ಶಾಲೆಯಲ್ಲಿದ್ದೆವು. ಟೀಚರ್ ಒಂದು ಗುಂಡಿ ಒತ್ತಿ ಕೈಕಟ್ಟಿ ನಿಂತರು. ಅದೇ ಮುದಿ ಯಂತ್ರದಲ್ಲಿ, ಕಣ್ಣು ಮಿಟುಕಿಸುವುದರೊಳಗೆ, ಡೊಂಬಿವಲಿ ಬಣ್ಣ ಬಣ್ಣವಾಗಿ ಅರಳಿತು! ಎಲ್ಲಿಯದೋ ಮಶೀನು, ನಮ್ಮ ಮಕ್ಕಳು ಹೇಳಿದ್ದು ಕೇಳುತ್ತಿದೆ! ಟೀಚರ ಕೈಯಿಂದ ಡಸ್ಟರ್ ಕಿತ್ತುಕೊಂಡು ಎಂಟೂ ಪರದೆಗಳನ್ನು ನಾನೇ ಒರೆಸಿದೆ.

ಸೋಮವಾರ ಸಮಿತಿ ಬಂದು ನಿಂತಿತು. ಅಧ್ಯಕ್ಷರು ತಮ್ಮ ಬೀದಿಯ ಮೇಲೆ ಬೆರಳಿಟ್ಟರು. ಹಳದಿ.

“ಹಳದಿ ಅಂದ್ರೆ ಸುಟ್ಟ ಬೆಲ್ಲದ ವಾಸನೆ, ಸರ್. ಐದು ನಿಮಿಷದ ಹಿಂದೆ ಶುರುವಾಗಿದೆ,” ಎಂದರು ಟೀಚರ್.

ಅಧ್ಯಕ್ಷರು ನಂಬದೆ ಹೆಂಡತಿಗೆ ಫೋನ್ ಹಚ್ಚಿ ಸ್ಪೀಕರ್ ಹಾಕಿದರು. “ಹೊರಗೆ ಎಂಥ ವಾಸನೆ ಬರ್ತಿದೆ?”

“ಪಾಕ ಸೀದ ಹಾಗೆ ಬರ್ತಾ ಉಂಟು. ನಾನು ಒಲೆ ನೋಡಿ ನೋಡಿ ಸಾಕಾಯ್ತು. ನಿಮಗೆ ಅಲ್ಲಿಗೂ ಬಂತಾ?”

ಕೋಣೆ ನಗುವಿನಿಂದ ಒಡೆದುಹೋಯಿತು. ಕುರ್ಚಿಗಳ ಮಾತು ಅಲ್ಲಿಗೆ ಮುಗಿಯಿತು. ಆ ವರ್ಷ ನಲವತ್ತು ಮಕ್ಕಳು ಕಂಪ್ಯೂಟರ್ ಕ್ಲಾಸಿಗೆ ಹೆಸರು ಕೊಟ್ಟರು.

ಮಾರ್ಚಿನಲ್ಲಿ ಕಂಪ್ಯೂಟರ್ ಟೀಚರ ಕಾಯಂ ಹುದ್ದೆ ಸಮಿತಿಯ ಮುಂದೆ ಬಂತು. ಸರ್ಟಿಫಿಕೇಟ್ ಇದ್ದ ಹೊರಗಿನವರೊಬ್ಬರ ಅರ್ಜಿಯೂ ಇತ್ತು. ನಾನು ಎದ್ದು ನಿಂತು ವಾಶಿಯ ಪರೀಕ್ಷೆಯ ಕಥೆ ಹೇಳಲು ಶುರುಮಾಡಿದ್ದೆ. ಅಧ್ಯಕ್ಷರು ನಡುವೆ ಬಾಯಿ ಹಾಕಿದರು, “ನಾಲ್ಕನೇ ಕ್ಲಾಸಿನವರು ಸರ್ಟಿಫಿಕೇಟಿನ ವಿಷಯ ಮಾತಾಡುದಾ ದೇಜಪ್ಪ?” ನಾನು ಕುರ್ಚಿ ಒದ್ದೆ, ರಾಜೀನಾಮೆ ಎಂದು ಕೂಗಿದೆ, ಮೆಟ್ಟಿಲಿಳಿದು ಹೊರಟುಹೋದೆ. ನಾನು ಹೋದ ಮೇಲೆ ಕೈ ಎತ್ತಿಸಿ ಮತ ಎಣಿಸಿದರಂತೆ. ಆ ಕಡೆ ಐದು, ಈ ಕಡೆ ಐದು. ನಾನು ಕೂತಿದ್ದರೆ ಟೀಚರ ಕಡೆ ಆರಾಗುತ್ತಿತ್ತು. ಸಮಸಮವಾದಾಗ ಅಧ್ಯಕ್ಷರದೇ ಕೊನೆಯ ಮಾತು. ಹುದ್ದೆ ಹೊರಗಿನವರಿಗೆ ಹೋಯಿತು.

ಟೀಚರ್ ಮರುವರ್ಷ ಶಾಲೆ ಬಿಟ್ಟರು. ಈಗ ಉಲ್ಹಾಸನಗರದಲ್ಲಿ ಬಟ್ಟೆ ಅಂಗಡಿಯೊಂದರ ಮೇಲಿನ ಕೋಣೆಯಲ್ಲಿ ಕೋಡಿಂಗ್ ಹೇಳಿಕೊಡುತ್ತಾರೆ. ಸಿಂಧಿ ಮಕ್ಕಳೂ ಬರುತ್ತಾರೆ, ಮರಾಠಿ ಮಕ್ಕಳೂ ಬರುತ್ತಾರೆ. ಆ ಕಡೆ ಸಾಮಾನು ತರಲು ಹೋದಾಗ ನಾನು ಮೇಲೆ ಹತ್ತುತ್ತೇನೆ. “ಬನ್ನಿ ದೇಜಪ್ಪಣ್ಣ, ಚಾ ಕುಡೀರಿ,” ಎನ್ನುತ್ತಾರೆ. ಪ್ರಣೀತಾ ಏನು ಓದುತ್ತಿದ್ದಾಳೆ ಎಂದು ಕೇಳುತ್ತಾರೆ. ತುರ್ಭೆಯ ಹತ್ತಿರ ನಾನು ಕೊಟ್ಟ ಮಾತನ್ನು ಅವರು ಒಮ್ಮೆಯೂ ಎತ್ತಿಲ್ಲ. ಎತ್ತಿದ್ದರೆ ಕೂಗಾಡಿ ಏನಾದರೂ ಹೇಳುತ್ತಿದ್ದೆನೋ ಏನೋ. ಚಾ ಕುಡಿದು, ಲೋಟ ಕೆಳಗಿಟ್ಟು ಬರುತ್ತೇನೆ.