ಹ್ಞೂಂ ಎಂದರೆ ಸಾಲದು

ಕಾಕನ ಬಲಗೈಯ ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ, ಹಗ್ಗ ಉಜ್ಜಿ ಉಜ್ಜಿ, ಚರ್ಮ ಹೊಳೆಯುವ ಕಪ್ಪು ಪಟ್ಟಿಯಾಗಿತ್ತು. ಚಹಾದ ಗ್ಲಾಸನ್ನು ಅಲ್ಲೇ ಸಿಕ್ಕಿಸಿಕೊಳ್ಳುತ್ತಿದ್ದರು. ಬಿಸಿ ತಾಗುವುದಿಲ್ಲವಂತೆ.

ಮಂಗಳೂರಿನ ಕೊಳಚೆ ನೀರೆತ್ತುವ ಒಂದು ಪಂಪ್ ಹೌಸಿನಲ್ಲಿ ನಾನು ಮೆಕ್ಯಾನಿಕ್. ಪಂಪಿಗೆ ಏನಾದರೂ ಸುತ್ತಿಕೊಂಡರೆ ಬೆಲ್ಟು ಕಟ್ಟಿಕೊಂಡು ಕೊಳಚೆಯ ಬಾವಿಗೆ ಇಳಿಯುವವನು ನಾನು, ಮೇಲೆ ರಾಟೆಯ ಹಗ್ಗ ಹಿಡಿಯುವವರು ಕಾಕ. ಲಿಫ್ಟಿಗೂ ಹೆದರುವವನಿಗೆ ಈ ಕೆಲಸ ಕೊಟ್ಟ ಪುಣ್ಯಾತ್ಮರು ಯಾರೋ. ಇಳಿಯುವ ದಿನ ಮನೆಯ ದೈವಕ್ಕೆ ಕೈಮುಗಿದು, ದಾರಿಯಲ್ಲಿ ಬಿಕರ್ನಕಟ್ಟೆಯ ಬಾಲಯೇಸುವಿಗೂ ಮೇಣದಬತ್ತಿ ಹಚ್ಚುತ್ತಿದ್ದೆ. ಯಾರಿಗೆ ಬಿಡುವುಂಟೋ ಅವರು ನೋಡಿಕೊಳ್ಳಲಿ.

ಕಾಕ ಮೊದಲು ಗ್ಯಾಸ್ ಮೀಟರ್ ಇಳಿಸಿ ನೋಡುತ್ತಿದ್ದರು, ಬ್ಲೋವರ್ ಹಾಕಿಸಿ ಗಾಳಿ ಬಿಡಿಸುತ್ತಿದ್ದರು. ಆಮೇಲೂ ನಂಬಿಕೆಯಿಲ್ಲ. ನಾನು ಕೆಳಗಿರುವಷ್ಟು ಹೊತ್ತೂ ಪ್ರಶ್ನೆಗಳು.

"ಮನೆಯಲ್ಲಿ ಎಂತ ಪದಾರ್ಥ ಇವತ್ತು?"

"ಬಂಗುಡೆ."

"ಪುಳಿಮುಂಚಿಯಾ, ಗಸಿಯಾ?"

"ಹ್ಞೂಂ."

"ಹ್ಞೂಂ ಅಂತ ನಿದ್ದೆಯಲ್ಲಿದ್ದವನೂ ಹೇಳ್ತಾನೆ. ಬಾಯಿ ಬಿಟ್ಟು ಮಾತಾಡು ಮಾರಾಯ."

ಒಂದು ಮಳೆಗಾಲ ಮುಗಿದ ಮೇಲೆ ಇಳಿದಿದ್ದೆ. ಬಂಗುಡೆ ಮೀನಿನ ಸಾರಿನ ವಿಚಾರಣೆ ಮುಗಿದಿತ್ತು. ಪಂಪಿಗೆ ಸುತ್ತಿದ್ದ ಸೀರೆಯ ತುಂಡನ್ನು ಎಳೆದಾಗ ತಳದ ಕೆಸರೆಲ್ಲ ಕದಡಿತು. "ಮಗಳು ಎಷ್ಟನೇ ಕ್ಲಾಸು?" ಎಂದು ಮೇಲಿಂದ ಕೇಳಿತು. ಉತ್ತರ ಕೊಟ್ಟೆ. ಮರುಕ್ಷಣ ಬೆಲ್ಟು ಎದೆಗೆ ಬಿಗಿದು ಕಾಲು ನೆಲ ಬಿಟ್ಟಿತು. ಕೆಲಸ ಮುಗಿದಿಲ್ಲ ಎಂದು ಬೈಯಲು ಹೊರಟರೆ ನಾಲಿಗೆ ತಿರುಗಲಿಲ್ಲ. ಮೇಲೆ ನಮ್ಮ ಎಲೆಕ್ಟ್ರಿಷಿಯನ್ ನನ್ನನ್ನು ಎತ್ತಲೆಂದು ಏಣಿಗೆ ಕಾಲಿಟ್ಟಿದ್ದನಂತೆ. "ಕೆಳಗೆ ಒಬ್ಬ ಸಾಕು. ಹಗ್ಗಕ್ಕೆ ಬಾ," ಎಂದರಂತೆ ಕಾಕ.

ಸಿಮೆಂಟಿನ ಮೇಲೆ ಬಿದ್ದುಕೊಂಡು, ಉಸಿರು ಬಂದ ಮೇಲೆ ಕೇಳಿದೆ: "ಯಾಕೆ ಎಳೆದದ್ದು ಕಾಕ? ಹೇಳಿದೆನಲ್ಲ."

"ಎಂತ ಹೇಳಿದ್ದು?"

"ಏಳನೇ ಕ್ಲಾಸು ಅಂತ."

ಕಾಕ ನನ್ನ ಮುಖವನ್ನೇ ನೋಡಿದರು. "ಬಂಗುಡೆ ಅಂತ ಹೇಳಿದ್ದು ನೀನು."

ಎಲೆಕ್ಟ್ರಿಷಿಯನ್ ನಗಲಿಲ್ಲ. ಎಲ್ಲದಕ್ಕೂ ನಗುವವನು ಅವನು. ನನಗೆ ಆಗಲೇ ಅರ್ಥವಾದದ್ದು. ಕೆಸರಿನಿಂದೆದ್ದ ಗ್ಯಾಸು ತಲೆಗೇರಿ ಸಾಯುತ್ತಿದ್ದೇನೆಂದು ನನಗೇ ಗೊತ್ತಿರಲಿಲ್ಲ, ಸುಖವಾಗಿಯೇ ಇದ್ದೆ. ಇವತ್ತಿಗೂ ಊಟದ ಹೊತ್ತಿಗೆ ಹೆಂಡತಿ ಏನಾದರೂ ಕೇಳಿದರೆ ಉತ್ತರ ಕೊಟ್ಟು ಅವಳ ಮುಖ ನೋಡುತ್ತೇನೆ, ಹೇಳಬೇಕೆಂದದ್ದನ್ನೇ ಹೇಳಿದೆನೋ ಇಲ್ಲವೋ ಎಂದು. ಅವಳಿಗೆ ನಾನು ಹೆದರುತ್ತೇನೆಂದು ನೆರೆಯವರ ಅಭಿಪ್ರಾಯ. ಇರಲಿ.

ಕಾಕ ನಿವೃತ್ತರಾಗಿ ಬಜಪೆಯ ಮನೆಯಲ್ಲಿದ್ದರು. ಕಾಯಿಲೆ ಬಿದ್ದಾಗ ಹೋಗಿ, ಧೈರ್ಯ ಹೇಳಲು ಬಾರದೆ, "ಎಂತ ಪದಾರ್ಥ ಕಾಕ?" ಎಂದೆ.

"ಗಂಜಿ. ಉಪ್ಪು ಸಹ ಇಲ್ಲ ಮಾರಾಯ."

ಸಮಾಧಾನವಾಗಿ ಬಸ್ಸು ಹತ್ತಿದೆ. ಮುಂದಿನ ಸಲ ಹೋದಾಗ ಕಣ್ಣು ಮುಚ್ಚಿ ಮಲಗಿದ್ದರು. ಮತ್ತೆ ಅದನ್ನೇ ಕೇಳಿದೆ.

"ಹ್ಞೂಂ," ಎಂದರು.

ಇನ್ನೊಮ್ಮೆ ಕೇಳಿದೆ. ಬಾಯಿ ಬಿಟ್ಟು ಮಾತಾಡಿ ಕಾಕ, ಎಂದೆ. ಆ ಕಪ್ಪು ಪಟ್ಟಿಯ ಕೈಯನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡೆ. ಹಗ್ಗ ಇರಲಿಲ್ಲ.