ಹೀಟರ್ ಬಿಚ್ಚಿದ ಮೇಲೆ

ಇಳಕಲ್ಲಿನಲ್ಲಿ ಹೀಟರ್ ಇರುವ ಜೀಪು ಬಹುಶಃ ನಮ್ಮದೊಂದೇ. ನನ್ನ ಮಾವನವರು ಯಾವುದೋ ಕಾಲದಲ್ಲಿ ಮಿಲಿಟರಿ ಹರಾಜಿನಲ್ಲಿ ಕೊಂಡದ್ದು. ಅವರು ತೀರಿಕೊಂಡ ಮೇಲೆ ನಮ್ಮ ಮನೆಗೆ ಬಂತು. ಎಡಗಡೆ ಸೀಟಿನ ಮುಂದೆ ಒಂದು ತಗಡಿನ ಡಬ್ಬಿ, ಅದನ್ನು ಚಾಲೂ ಮಾಡಲು ಒಂದು ತಿರುಗಣಿ. ಎಂಜಿನ್ನಿನ ಬಿಸಿನೀರು ಒಂದು ರಬ್ಬರ್ ಪೈಪಿನಲ್ಲಿ ಆ ಡಬ್ಬಿಗೆ ಬಂದು ಇನ್ನೊಂದರಲ್ಲಿ ಹಿಂದಿರುಗುತ್ತಿತ್ತು. ನಡುವೆ ಒಂದೆರಡು ಹನಿ ನನ್ನ ಹೆಂಡತಿಯ ಕಾಲ ಮೇಲೆ ಬೀಳುತ್ತಿತ್ತು. ಅವಳು ಸೀರೆಯ ನೆರಿಗೆ ಎತ್ತಿಕೊಂಡು ಕಾಲು ಮುದುಡಿ ಕೂರುತ್ತಿದ್ದಳೇ ಹೊರತು ದೂರುತ್ತಿರಲಿಲ್ಲ.

ನನಗೋ ಸುಮ್ಮನೆ ಕೂರಲು ಬರುವುದಿಲ್ಲ. ಹುನಗುಂದದ ಕಚೇರಿಯಿಂದ ನಿವೃತ್ತನಾದ ಮೇಲಂತೂ ಮಿಕ್ಸರ್, ಫ್ಯಾನು, ಬೋರಿನ ಮೋಟಾರು ಎಲ್ಲವನ್ನೂ ಒಂದೊಂದು ಸಲ ಬಿಚ್ಚಿ ನೋಡಿದ್ದೆ. ಜೋಡಿಸಿದ ಮೇಲೆ ಒಂದೆರಡು ಸ್ಕ್ರೂ ಯಾವಾಗಲೂ ಉಳಿಯುತ್ತಿದ್ದವು. "ನಿಮ್ಮ ಕೈಗೆ ಒಂದು ಕೀಲಿ ಹಾಕಬೇಕು ನೋಡ್ರಿ" ಎನ್ನುತ್ತಿದ್ದಳು ಹೆಂಡತಿ.

ಅವಳು ಗುಡೂರಿನ ಶಾಲೆಯಲ್ಲಿ ಶಿಕ್ಷಕಿ. ಮೊದಲ ನೇಮಕ ಅಲ್ಲೇ; ನಡುವೆ ಎಲ್ಲೆಲ್ಲೋ ತಿರುಗಿ ಕೊನೆಗೆ ಮತ್ತೆ ಅಲ್ಲಿಗೇ ಬಂದಿದ್ದಳು. ಬೇಸಿಗೆ ರಜೆ ಮುಗಿದು ಶಾಲೆ ತೆರೆದ ಎರಡೇ ದಿನಕ್ಕೆ, ಮೇ ಕೊನೆಗೆ, ಅವಳ ನಿವೃತ್ತಿ.

"ಮೊದಲನೇ ದಿನ ಅಪ್ಪ ನನ್ನ ಇದ ಜೀಪಿನಾಗ ಸಾಲಿಗೆ ಬಿಟ್ಟಿದ್ರು" ಅಂದಳು. "ಕಡೀ ದಿನ ನೀವು ಬಿಡ್ರಿ. ಪ್ರಾರ್ಥನಾ ಗಂಟಿ ಆಗೂದ್ರಾಗ ಗೇಟಿಗೆ ಇಳೀಬೇಕು, ಅಷ್ಟ."

ಮದುವೆಯಾದಾಗಿನಿಂದ ಬಾಯಿಬಿಟ್ಟು ಏನನ್ನೂ ಕೇಳಿದವಳಲ್ಲ. ಕೇಳಿದ್ದೇ ತಡ, ನನ್ನ ಕೈ ತುರಿಸತೊಡಗಿತು. ಅವತ್ತು ಅವಳ ಹೊಸ ಸೀರೆಯ ಮೇಲೆ ಒಂದು ಹನಿಯೂ ಬೀಳಬಾರದು, ಹೀಟರ್ ತೆಗೆದೇಬಿಡಬೇಕು ಎಂದು ಹಟ ಹತ್ತಿತು.

"ಇರ್ಲಿ ಬಿಡ್ರಿ. ಅಪ್ಪ ಅದನ್ನ ಸುಮ್ನ ಇಟ್ಕೊಂಡಿದ್ದಿಲ್ಲ. ಏರು ಹತ್ತೂ ಮುಂದ..." ಎಂದು ಏನೋ ಹೇಳಹೊರಟಳು.

"ನಮ್ಮೂರಾಗ ಹೀಟರ್ ಯಾಕ ಬೇಕ? ಬ್ಯಾಸಿಗ್ಯಾಗ ನಾವ ಹೀಟರ್ ಆಗಿರ್ತೀವಿ" ಎಂದೆ. ಅವಳು ನಕ್ಕು ಒಳಗೆ ಹೋದಳು. ಅವಳ ಮಾತು ಪೂರ್ತಿ ಕೇಳಬೇಕಿತ್ತು.

ಡಬ್ಬಿ ಕಿತ್ತು ಹಿತ್ತಲಿನ ನೀರಿನ ಟಾಕಿಯ ಬುಡಕ್ಕೆ ಎಸೆದೆ. ಬಾಯಿ ತೆರೆದುಕೊಂಡ ಎರಡೂ ಪೈಪುಗಳಿಗೆ ಒಂದೊಂದು ಬೋಲ್ಟ್ ತುರುಕಿ ಬಿಗಿದೆ. ನಮ್ಮ ಓಣಿಯ ಮೆಕ್ಯಾನಿಕ್ ಬಾನೆಟ್ಟಿನೊಳಗೆ ಬಗ್ಗಿ ನೋಡಿ ಹಣೆ ಬಡಿದುಕೊಂಡ.

"ಸಾಹೇಬ್ರ, ನೀರು ತಿರುಗಾಡಬೇಕ್ರಿ. ದಾರಿ ಬಂದ್ ಮಾಡಿದ್ರ ಹೆಂಗ? ಹೋಗೂ ಪೈಪು ಬರೂ ಪೈಪಿಗೆ ಕೂಡಸ್ರಿ."

ನೇರ ಪೈಪನ್ನು ಬಗ್ಗಿಸಿ ಕೂಡಿಸಿದೆ. ಅದು ನಡುವೆ ಮಡಚಿಕೊಂಡು ಚಪ್ಪಟೆಯಾಯಿತು. ಕಿತ್ತು ಬಿಸಾಡಿ, ಬಾಗಲಕೋಟೆಗೆ ಹೋಗಿ ಮೊದಲೇ ಬಾಗಿಸಿ ಮಾಡಿದ ಪೈಪು ತಂದು ಹಾಕಿ ಕ್ಲಿಪ್ಪು ಬಿಗಿದೆ. ಬಜಾರಿನ ತನಕ ಓಡಿಸಿ ಬಂದೆ. ಬಿಸಿ ತೋರಿಸುವ ಮುಳ್ಳು ಅಲ್ಲಾಡಲಿಲ್ಲ. ಭಾರಿ ಖುಷಿಯಾಯಿತು ನನಗೆ.

ಆ ದಿನ ಬೆಳಗ್ಗೆ ಅವಳು ಕಾಲು ಚಾಚಿ ಕುಳಿತಳು. ಊರು ದಾಟುವವರೆಗೆ ಎಲ್ಲ ಸರಿ. ಬಿಸಿಲಿಗೆ ಆಗಲೇ ಸಿಟ್ಟು ಬಂದಿತ್ತು. ಉದ್ದನೆಯ ಏರಿನಲ್ಲಿ ಮುಳ್ಳು ನಿಧಾನವಾಗಿ ಮೇಲೇರಿತು. ಅವಳೂ ಅದನ್ನು ನೋಡಿದ್ದಳು. ಅವಳ ಬಲಗೈ ತಾನೇ ಮುಂದೆ ಹೋಗಿ ಡಬ್ಬಿ ಇದ್ದ ಜಾಗದಲ್ಲಿ ತಡಕಾಡಿತು. ಅಲ್ಲಿ ಎರಡು ತೂತು ಬಿಟ್ಟರೆ ಏನೂ ಇರಲಿಲ್ಲ.

"ಮುಳ್ಳು ಏರಿತಂದ್ರ ಅಪ್ಪ ಹೀಟರ್ ಚಾಲೂ ಮಾಡ್ತಿದ್ರು, ಆಮ್ಯಾಲ ನಾನ ಮಾಡ್ತಿದ್ದೆ" ಎಂದಳು ಮೆಲ್ಲಗೆ. "ಎಂಜಿನ್ನಿನ ಬಿಸಿ ಎಲ್ಲಾ ನಮ್ಮ ಕಾಲಿಗೆ ಬರ್ತಿತ್ತು. ಕಾಲು ಸುಡ್ತಿದ್ದುವು, ಗಾಡಿ ಮಾತ್ರ ಏರು ಹತ್ತತಿತ್ತು."

ನನಗೆ ನಾಚಿಕೆಯಾಯಿತು. ಹಳೆಯ ರೇಡಿಯೇಟರಿಗೆ ಆಗದ ಕೆಲಸವನ್ನು ಆ ಡಬ್ಬಿ ಇಷ್ಟು ವರ್ಷ ಮಾಡುತ್ತಿತ್ತು. ನಾನು ಅದನ್ನೇ ಹಿತ್ತಲಿಗೆ ಎಸೆದಿದ್ದೆ. ಬಾನೆಟ್ಟಿನಿಂದ ಹೊಗೆಯಂತೆ ಹಬೆ ಎದ್ದಿತು. ಗಾಡಿ ನಿಲ್ಲಿಸಿ, ತಾಳ್ಮೆ ಕೆಟ್ಟು, ರೇಡಿಯೇಟರಿನ ಮುಚ್ಚಳಕ್ಕೆ ಕೈ ಹಾಕಿದೆ.

"ಮುಟ್ಟಬ್ಯಾಡ್ರಿ! ಮಾರಿ ಸುಟ್ಕೋತೀರಿ" ಎಂದು ಕೈ ಹಿಡಿದಳು.

ಗಡಿಯಾರ ನೋಡಿದೆ, ಮುಳ್ಳು ನೋಡಿದೆ, ರಸ್ತೆಗೂ ಜೀಪಿಗೂ ನಡುವೆ ಓಡಾಡಿದೆ. ಅಷ್ಟರಲ್ಲಿ ಅವಳು ದಿನಾ ಹತ್ತುವ ಬಸ್ಸು ಬಂತು. ಅವಳು ಕೈ ಮಾಡುವ ಮೊದಲೇ ನಿಂತಿತು.

"ಅಕ್ಕಾರ, ಇವತ್ತು ಜೀಪಿನಾಗ ಬರ್ತೇನಿ ಅಂದಿದ್ರಿ?" ಎಂದ ಕಂಡಕ್ಟರ್. ಅವಳು ನಕ್ಕಳು, ಹತ್ತಿದಳು. ಕಿಟಕಿಯಿಂದ, "ಆರಿದ ಮ್ಯಾಲ ಬರ್ರಿ, ಗಡಿಬಿಡಿ ಮಾಡಬ್ಯಾಡ್ರಿ" ಎಂದಳು. ಬೈದಿದ್ದರೆ ಚೆನ್ನಾಗಿತ್ತು.

ನಾನು ಗುಡೂರು ಮುಟ್ಟಿದಾಗ ಪ್ರಾರ್ಥನೆ ಮುಗಿದು ಮಕ್ಕಳು ತರಗತಿಯಲ್ಲಿದ್ದರು. ಗೇಟಿನ ಮುಂದೆ ಯಾರೂ ಇರಲಿಲ್ಲ. ಆ ಖಾಲಿ ಗೇಟಿನೆದುರು ಜೀಪು ನಿಲ್ಲಿಸಿ ಸಂಜೆಯವರೆಗೆ ಬೇವಿನ ಮರದ ಕೆಳಗೆ ಕುಳಿತೆ, ಎದ್ದೆ, ಮತ್ತೆ ಕುಳಿತೆ.

ಸಂಜೆ ಶಾಲು, ಹಾರ, ತೆಂಗಿನಕಾಯಿ ಮಡಿಲಲ್ಲಿಟ್ಟುಕೊಂಡು ಪಕ್ಕದಲ್ಲಿ ಕುಳಿತಳು. ನಿಧಾನಕ್ಕೆ ಹೊರಟೆವು. ಒಂದು ಏರಿನಲ್ಲಿ ಮುಳ್ಳು ಚೂರು ಅಲುಗಿತು. ಅವಳ ಕೈ ಮತ್ತೆ ಮುಂದೆ ಹೋಯಿತು. ನೆನಪಾಗಿ ಹಿಂದೆ ತೆಗೆದುಕೊಂಡು ಹಾರದ ಮೇಲೆ ಇಟ್ಟುಕೊಂಡಳು.

"ತಪ್ಪಾತು. ನಾಳಿಗೇ ಹೀಟರ್ ತಿರುಗಿ ಕೂಡಸ್ತೇನಿ" ಎಂದೆ.

"ಕೂಡಸ್ರಿ" ಎಂದಳು. ಸ್ವಲ್ಪ ದೂರ ಹೋದ ಮೇಲೆ, ಹೊರಗೆ ನೋಡುತ್ತ, "ಆದ್ರ ನಾಳಿಗೆ ನನಗ ಸಾಲಿ ಇಲ್ಲಲ್ರಿ" ಅಂದಳು.